ಚೊಗರು ಬಣ್ಣದ ಸೀರೆ ಮತ್ತು ನನ್ನ ಪುಟ್ಟ ಕ್ಯಾಮೆರಾದ ರಾ ಫೋಟೋಗಳು

ನಾನು ಹೋದದ್ದು ನೀರು ಕಾಯಿಸುವ ಕೆಟಲ್ ತರಲಿಕ್ಕೆ. ಮಣಿಪಾಲದಲ್ಲಿ ವರ್ಷದ ಒಂದು ಹೊತ್ತಿನಲ್ಲಿ, ಕೋರ್ಸು ಮುಗಿಸಿದ ವಿದ್ಯಾರ್ಥಿಗಳು ಊರಿಗೆ ಹೊರಡುವಾಗ, ಹಾಸಿಗೆ, ಫ್ಯಾನು, ಮೇಜು ಎಲ್ಲ ಮಾರಾಟಕ್ಕೆಂದು ಮೆಟ್ಟಿಲ ಬಳಿಗೆ ಬಂದು ನಿಲ್ಲುತ್ತವೆ. ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಡಾಕ್ಟರ್ ಹುಡುಗಿಯೂ ತನ್ನದನ್ನೆಲ್ಲ ಹರಡಿಕೊಂಡು ಕುಳಿತಿದ್ದಳು. ಕೆಟಲ್ ಆಗಲೇ ಯಾರದೋ ಪಾಲಾಗಿತ್ತು. ಅದರ ಪಕ್ಕದಲ್ಲಿ, ಒಂದು ಕಾಲುಚೀಲದೊಳಗೆ ಜೋಪಾನವಾಗಿ ಸುತ್ತಿಟ್ಟ ಕ್ಯಾಮೆರಾ ಇತ್ತು. ಸೋಪಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಅವಳು ಅದನ್ನು ನನ್ನ ಕೈಯಲ್ಲಿಟ್ಟು, ಇದರಲ್ಲಿ ರಾ ಫೋಟೋ ತೆಗೆಯುವ ಸೌಲಭ್ಯ ಇದೆ ಆಂಟಿ, ಅದನ್ನು ಮಾತ್ರ ಆಫ್ ಮಾಡಬೇಡಿ ಎಂದು ಎರಡೆರಡು ಸಲ ಹೇಳಿದಳು. ನಾನು ತಲೆಯಾಡಿಸಿದೆ. ಕಾನ್ವೆಂಟಿನಲ್ಲಿ ಓದಿದವರಿಗೆ ಅರ್ಥವಾಗದಿದ್ದರೂ ವಿನಯದಿಂದ ತಲೆಯಾಡಿಸುವುದು ಚೆನ್ನಾಗಿ ಬರುತ್ತದೆ.

ರಾತ್ರಿ ಊಟಕ್ಕೆ ಕುಳಿತಾಗ ನನ್ನ ಯಜಮಾನರಿಗೆ ವಿಷಯ ಹೇಳಿದೆ. ಅವರು ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ರಾ ಅಂದ್ರೆ ಹಸಿಯಾ? ಇನ್ನು ಫೋಟೋವನ್ನು ಕೂಡ ನಾವೇ ಬೇಯಿಸ್ಲಿಕ್ಕುಂಟಾ?"

ತಮಾಷೆಗೆ ಹೇಳಿದ್ದು. ಆದರೆ ಅದಕ್ಕಿಂತ ಸರಿಯಾಗಿ ಯಾರೂ ನನಗೆ ವಿವರಿಸಿಲ್ಲ. ಸಾಧಾರಣ ಫೋಟೋ ತೆಗೆಯುವಾಗ, ಜೆಪೆಗ್ ಎನ್ನುತ್ತಾರಲ್ಲ ಅದರಲ್ಲಿ, ಬಿಳಿ ಎಷ್ಟು ಬಿಳಿ, ಕಪ್ಪು ಎಷ್ಟು ಕಪ್ಪು, ಬಣ್ಣ ಎಷ್ಟು ಗಾಢ ಎಂಬುದನ್ನೆಲ್ಲ ಕ್ಯಾಮೆರಾ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ತೀರ್ಮಾನಿಸಿ, ಬೇಯಿಸಿ, ಬಡಿಸಿ, ಉಳಿದದ್ದನ್ನು ಚೆಲ್ಲಿಬಿಡುತ್ತದೆ. ರಾ ಹಾಗಲ್ಲ. ಕ್ಯಾಮೆರಾ ಕಂಡದ್ದೆಲ್ಲವೂ ರುಬ್ಬಿದ ಹಿಟ್ಟಿನ ಹಾಗೆ ನಮ್ಮ ಕೈಗೆ ಬರುತ್ತದೆ. ಹಿಟ್ಟು ನೀರಾಗಿದ್ದರೆ ಒಂದು ಮುಷ್ಟಿ ರವೆ ಸೇರಿಸಬಹುದು, ಉಪ್ಪು ಸಾಲದಿದ್ದರೆ ಹಾಕಬಹುದು. ಎಲೆಯ ಕೊಟ್ಟೆಯಲ್ಲಿ ಬೆಂದ ಇಡ್ಲಿಯನ್ನು, ನಮ್ಮ ಮೂಡೆಯನ್ನು, ಹಬೆಯಿಂದ ಇಳಿಸಿ ಬಾಳೆಲೆಯಲ್ಲಿಟ್ಟ ಮೇಲೆ ಎಂತ ಮಾಡುವುದು?

ಈ ಜ್ಞಾನ ನನಗೆ ಒಂದೇ ದಿನದಲ್ಲಿ ಬರಲಿಲ್ಲ. ಬಂದದ್ದು ಕಾಪುವಿನಲ್ಲಿ, ನನ್ನ ಅಕ್ಕನ ಬೈಗುಳದ ಮೂಲಕ. ಒಂದು ಆದಿತ್ಯವಾರ ಸಂಜೆ ಎಲ್ಲರೂ ಕಾಪು ಬೀಚಿಗೆ ಹೋಗಿದ್ದೆವು. ದೀಪಸ್ತಂಭದ ಬಂಡೆಯ ಕೆಳಗೆ ಅಕ್ಕನನ್ನು ನಿಲ್ಲಿಸಿ, ಅವಳ ಹಿಂದೆ ಮುಳುಗುವ ಸೂರ್ಯ ಬರುವ ಹಾಗೆ ಫೋಟೋ ತೆಗೆದೆ. ಕ್ಯಾಮೆರಾದ ಪರದೆಯಲ್ಲಿ ಆಕಾಶ ಬಹಳ ಚಂದ ಬಂದಿತ್ತು. ಅಕ್ಕ ಮಾತ್ರ ಇದ್ದಿಲಿನ ಹಾಗೆ.

"ಇಷ್ಟು ಕಪ್ಪು ಮಾಡ್ಲಿಕ್ಕೆ ಕಾಪುವರೆಗೆ ಕರ್ಕೊಂಡು ಬರ್ಬೇಕಿತ್ತಾ? ಮನೆಯಲ್ಲೇ ಕರೆಂಟು ತೆಗೆದು ನಿಲ್ಲಿಸಿದ್ರೆ ಆಗ್ತಿತ್ತು," ಎಂದಳು ಅಕ್ಕ.

ಮರುದಿನ ಕುಕ್ಕರಿನ ಸೀಟಿಗೆ ಕಾಯುತ್ತಾ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಮಗಳು ಅದರಲ್ಲಿ ರಾ ಫೋಟೋ ತಿದ್ದುವ ಒಂದು ಉಚಿತ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದಳು. ನೆರಳನ್ನು ತಿಳಿಯಾಗಿಸುವ ಗೆರೆಯೊಂದನ್ನು ಬೆರಳಿನಿಂದ ಮೆಲ್ಲಗೆ ಬಲಕ್ಕೆ ಸರಿಸಿದೆ. ಕತ್ತಲೆಯೊಳಗಿನಿಂದ ಅಕ್ಕ ಎದ್ದು ಬಂದಳು. ಮೊದಲು ಹಣೆ, ಆಮೇಲೆ ಮೂಗುತಿ, ಆಮೇಲೆ ನಗು ತಡೆದುಕೊಂಡ ತುಟಿ. ಮುಡಿಯಲ್ಲಿದ್ದ ಮಲ್ಲಿಗೆಯ ಮೊಗ್ಗುಗಳು ಒಂದೊಂದಾಗಿ ಬೇರೆಬೇರೆ ಕಂಡವು. ಆಕಾಶದ ಕಿತ್ತಳೆ ಒಂದಿಷ್ಟೂ ಮಾಸಲಿಲ್ಲ. ಬೀಚಿನಲ್ಲಿ ಅದೇ ಹೊತ್ತಿಗೆ ಯಜಮಾನರ ಫೋನಿನಲ್ಲಿ ತೆಗೆದಿದ್ದ ಫೋಟೋವನ್ನೂ ಹಾಗೆಯೇ ತಿಳಿಯಾಗಿಸಲು ನೋಡಿದೆ. ಮುಖವೆಲ್ಲ ಬೂದಿ ಬಳಿದ ಹಾಗೆ ಆಯಿತು. ಮಲ್ಲಿಗೆ ಸುಣ್ಣದ ಮುದ್ದೆ. ಅದರಲ್ಲಿ ತಿದ್ದಲಿಕ್ಕೆ ಏನೂ ಉಳಿದಿರಲಿಲ್ಲ.

ಅಕ್ಕ ಈಗಲೂ ವಾಟ್ಸ್ಯಾಪಿನಲ್ಲಿ ನನ್ನ ಕ್ಯಾಮೆರಾದ ಆ ಫೋಟೋವನ್ನೇ ಇಟ್ಟುಕೊಂಡಿದ್ದಾಳೆ. ಬೈದದ್ದನ್ನು ಮರೆತಿದ್ದಾಳೆ.

ಹೀಗೆ ಮನೆಮಂದಿಯ ನಡುವೆ ನನ್ನ ಪುಟ್ಟ ಕ್ಯಾಮೆರಾಕ್ಕೆ ಒಂದು ಮರ್ಯಾದೆ ಬಂತು. ಅದರ ಸುದ್ದಿ ಕಾರ್ಕಳಕ್ಕೂ ತಲುಪಿತು. ಅಲ್ಲಿ ನನ್ನ ಅತ್ತಿಗೆ, ಎಂದರೆ ಯಜಮಾನರ ಅಕ್ಕ, ಸೀರೆ ನೇಯುತ್ತಾರೆ.

ನಮ್ಮ ಕಡೆಯ ಕೈಮಗ್ಗದ ಹತ್ತಿ ಸೀರೆಯನ್ನು ಉಟ್ಟವರಿಗೆ ಅದರ ಹಗುರ ಗೊತ್ತು. ಅತ್ತಿಗೆಯ ಸೀರೆಯ ವಿಶೇಷ ಬಣ್ಣದ್ದು. ನೂಲಿಗೆ ಅವರು ಪೇಟೆಯ ಬಣ್ಣ ಹಾಕುವುದಿಲ್ಲ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರಿನಿಂದ ಒಂದು ಕೆಂಗಂದು, ಹಲಸಿನ ಮರದ ಚಕ್ಕೆಯಿಂದ ಒಂದು ಹಳದಿ, ದಾಳಿಂಬೆ ಸಿಪ್ಪೆಯಿಂದ ಹೆಸರು ಹೇಳಲಾಗದ ಒಂದು ಹಸಿರು. ಯಾವುದೂ ಕಣ್ಣಿಗೆ ಹೊಡೆಯುವುದಿಲ್ಲ. ಚೊಗರಿನ ಸೀರೆಯನ್ನು ಕಿಟಕಿಯ ಬಳಿ ಹಿಡಿದರೆ ಕಂದಿನ ಒಳಗಿನಿಂದ ಸ್ವಲ್ಪ ಗುಲಾಬಿ ಮುಖ ತೋರಿಸುತ್ತದೆ, ನಾಚಿಕೆಯವರು ಬಾಗಿಲಿನಿಂದ ಇಣುಕಿದ ಹಾಗೆ.

ಆ ಗುಲಾಬಿಯೇ ಅತ್ತಿಗೆಗೆ ತೊಂದರೆ ತಂದದ್ದು. ಅವರ ಸೀರೆಗಳನ್ನು ಕೊಳ್ಳುತ್ತಿದ್ದವರು ಮೈಸೂರಿನಲ್ಲಿ ಅಂಗಡಿ ಇಟ್ಟಿರುವ ಒಬ್ಬ ಮಹಿಳೆ. ಅವರ ವ್ಯಾಪಾರ ಹೆಚ್ಚಿನಂಶ ಫೋನಿನಲ್ಲಿ, ಫೋಟೋ ತೋರಿಸಿ. ಫೋಟೋ ಕಳಿಸುವವರು ಅತ್ತಿಗೆಯ ಗಂಡ, ನಮ್ಮ ಭಾವ. ಮಳೆಗಾಲಕ್ಕೆ ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಅವರ ಮನೆಯ ಅಂಗಳಕ್ಕೂ ನೀಲಿ ಟಾರ್ಪಾಲು ಕಟ್ಟಿದ್ದರು. ಅದರ ಕೆಳಗೆ ಸೀರೆ ಹರಡಿ ಭಾವ ಫೋನಿನಲ್ಲಿ ಫೋಟೋ ತೆಗೆದಿದ್ದರು. ಟಾರ್ಪಾಲಿನ ಕೆಳಗೆ ಮನುಷ್ಯರೇ ನೀಲಿಯಾಗಿ ಕಾಣುತ್ತಾರೆ, ಇನ್ನು ಸೀರೆಯ ಮಾತೆಂತ? ಫೋನು ತನಗೆ ತೋಚಿದ ಹಾಗೆ ಸರಿಮಾಡಲು ಹೋಗಿ ಒಂದನ್ನು ನೇರಳೆ ಮಾಡಿತು, ಇನ್ನೊಂದನ್ನು ಬೂದು ಮಾಡಿತು. ನೇರಳೆ ಎಂದುಕೊಂಡು ತರಿಸಿಕೊಂಡವರು ಕಂದು ಬಂತೆಂದು ವಾಪಸು ಕಳಿಸಿದರು. ಒಬ್ಬರಲ್ಲ, ಒಬ್ಬರ ನಂತರ ಒಬ್ಬರು.

ಅಂಗಡಿಯವರು ಕೆಟ್ಟವರಲ್ಲ. ಅವರು ಅತ್ತಿಗೆಗೆ ಫೋನ್ ಮಾಡಿ, ಇದೊಂದು ಸಲ ಸೀರೆಗಳನ್ನೂ ಫೋಟೋಗಳನ್ನೂ ಕಳಿಸಿ, ಬಣ್ಣ ಹೊಂದಿದರೆ ಸರಿ, ಇಲ್ಲವಾದರೆ ಇನ್ನು ಮುಂದೆ ನಾವೇ ಪೇಟೆಯ ಬಣ್ಣದ ನೂಲು ಕಳಿಸುತ್ತೇವೆ, ನೀವು ಅದನ್ನು ನೇಯ್ದು ಕೊಡಿ ಎಂದಿದ್ದರು. ಗಿಳಿಹಸಿರು, ಬೀಟ್‌ರೂಟಿನ ಕೆಂಪು, ಅಂಥವು. ಅವುಗಳ ಫೋಟೋ ಯಾರು ತೆಗೆದರೂ ಒಂದೇ ಬಣ್ಣ ಬರುತ್ತದೆ.

ಅತ್ತಿಗೆ ನನಗೆ ಇದನ್ನು ಹೇಳುವಾಗ ದನಿ ಏರಿಸಲಿಲ್ಲ. "ನೇಯ್ಲಿಕ್ಕೆ ನನಗೆ ಕಷ್ಟ ಇಲ್ಲ. ಆದರೆ ಅದನ್ನು ಯಾರೂ ನೇಯ್ಬಹುದಲ್ಲ? ಬಣ್ಣ ಹೋದ್ರೆ ಅದರಲ್ಲಿ ನನ್ನದು ಅಂತ ಎಂತ ಉಂಟು?" ಎಂದರು. ಸ್ವಲ್ಪ ತಡೆದು, "ನಿನ್ನ ಆ ಹಸಿ ಫೋಟೋದಲ್ಲಿ ಆಗ್ತದಾ ನೋಡು ಮಾರಾಯ್ತಿ," ಎಂದರು.

ನಾನು ಹಿರಿಯಡಕದ ದಾರಿಯ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದೆ. ಮಡಿಲಲ್ಲಿ ಪರ್ಸು, ಪರ್ಸಿನಲ್ಲಿ ಕ್ಯಾಮೆರಾ. ಕಿಟಕಿಯ ಶಟರು ಇಳಿಸಿದ್ದರೂ ಮಳೆಹನಿ ಸಂದಿಯಿಂದ ಬಂದು ನನ್ನ ಕೈಮೇಲೆ ಬೀಳುತ್ತಿತ್ತು.

ಮಗ್ಗದ ಕೋಣೆಯಲ್ಲಿ ಬೆಳಕು ಸಾಲದು. ಹೊರಗೆ ಟಾರ್ಪಾಲು ಬಿಚ್ಚಿದರೆ ಸೀರೆ ನೆನೆಯುತ್ತದೆ. ಹಾಗಾಗಿ ಅದೇ ನೀಲಿ ಅಂಗಳದಲ್ಲಿಯೇ ತೆಗೆಯಬೇಕಾಯಿತು. ನನಗೆ ಹೆದರಿಕೆ ಇರಲಿಲ್ಲ. ರಾ ಫೋಟೋದಲ್ಲಿ ಬೆಳಕಿನ ಬಣ್ಣವನ್ನು ಆಮೇಲೆ ತೆಗೆಯಬಹುದು ಎಂದು ಓದಿಕೊಂಡಿದ್ದೆ. ಫೋಟೋದೊಳಗೆ ಬಣ್ಣವೇ ಇಲ್ಲದ ಒಂದು ವಸ್ತು, ಅಚ್ಚ ಬಿಳಿಯದೋ ಬೂದು ಬಣ್ಣದ್ದೋ, ಇದ್ದರೆ ಸಾಕು. ಮನೆಗೆ ಹೋಗಿ ಅದರ ಮೇಲೆ ಒತ್ತಿ, ಇದು ಬಿಳಿ ಎಂದು ಸಾಫ್ಟ್‌ವೇರಿಗೆ ತಿಳಿಸಿದರೆ, ಉಳಿದ ಬಣ್ಣಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಮನೆಯಲ್ಲಿರುವ ಅತ್ಯಂತ ಬಿಳಿ ಬಟ್ಟೆ ಕೊಡಿ ಎಂದು ಅತ್ತಿಗೆಯನ್ನು ಕೇಳಿದೆ. ಅವರು ಕಪಾಟಿನಿಂದ ಭಾವನ ಮುಂಡು ತಂದರು. ದೇವಸ್ಥಾನಕ್ಕೆಂದು ಇಸ್ತ್ರಿ ಮಾಡಿ ಇಟ್ಟ ಪಂಚೆ ಅದು.

"ಇದಕ್ಕಿಂತ ಬಿಳಿ ಈ ಕಾರ್ಕಳದಲ್ಲೇ ಇಲ್ಲ," ಎಂದರು ಭಾವ. ಮುಂಡಿನ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬ.

ಬಿದಿರಿನ ಮೇಲೆ ಒಂದೊಂದೇ ಸೀರೆ ಇಳಿಬಿಟ್ಟೆವು, ಪಕ್ಕದಲ್ಲಿ ಮುಂಡು. ಗಾಳಿಗೆ ಸೆರಗು ಹಾರುತ್ತಿತ್ತು. ಭಾವ ಬಾಗಿಲಿಗೆ ಒತ್ತುಕೊಡುವ ಒಂದು ಬೂದು ಕಲ್ಲನ್ನು, ನಮ್ಮ ಕಾರ್ಕಳದ ಕೋರೆಯಿಂದಲೇ ಬಂದ ಕಲ್ಲನ್ನು, ತಂದು ಸೆರಗಿನ ತುದಿಯ ಮೇಲಿಟ್ಟರು. ಕಲ್ಲು ಫೋಟೋದ ಮೂಲೆಯಲ್ಲಿ ಬರುತ್ತಿತ್ತು. ಆಮೇಲೆ ಕತ್ತರಿಸಿದರೆ ಆಯಿತೆಂದು ಸುಮ್ಮನಾದೆ. ಸಂಜೆಯೊಳಗೆ ಕೆಲಸ ಮುಗಿಯಿತು. ಹೊರಡುವಾಗ ಅತ್ತಿಗೆ ನನ್ನ ಕಸೂತಿಗೆಂದು ಉಳಿದ ನೂಲಿನ ತುಂಡುಗಳನ್ನು ಒಂದು ಕಾಗದದಲ್ಲಿ ಕಟ್ಟಿಕೊಟ್ಟರು. ಮರುದಿನ ಬೆಳಿಗ್ಗೆ ಸೀರೆಗಳು ಕೊರಿಯರಿನಲ್ಲಿ ಮೈಸೂರಿಗೆ ಹೊರಟವು.

ನಾನು ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಮುಂಡಿನ ಮೇಲೆ ಒತ್ತಿದೆ. ಅಂಗಳದ ನೀಲಿ ಒಂದೇ ಸಲಕ್ಕೆ ಮಾಯ. ಮುಂಡು ಹಾಲಿನ ಹಾಗೆ ಬಿಳಿ. ಸೀರೆಗಳು ಬೆಚ್ಚಗೆ, ಬಿಸಿಲಿನಲ್ಲಿ ಇಟ್ಟ ಹಾಗೆ ಕಂಡವು. ಅಷ್ಟು ಚಂದ ಕಂಡದ್ದನ್ನು ಸಂಶಯಪಡಲು ಮನಸ್ಸೇ ಬರಲಿಲ್ಲ. ಮುಂಡನ್ನೂ ಕಲ್ಲನ್ನೂ ಕತ್ತರಿಸಿ ತೆಗೆದು ಎಲ್ಲ ಫೋಟೋಗಳನ್ನೂ ಮೈಸೂರಿಗೆ ಕಳಿಸಿಬಿಟ್ಟೆ.

ಪಾರ್ಸೆಲ್ ಮೈಸೂರು ತಲುಪಿದ ದಿನ ಅತ್ತಿಗೆಯ ಫೋನ್ ಬಂತು. ಅಂಗಡಿಯವರು ಸೀರೆಯನ್ನೂ ಫೋಟೋವನ್ನೂ ಅಕ್ಕಪಕ್ಕ ಇಟ್ಟು ನೋಡಿದರಂತೆ. ಹೋದ ಸಲ ನೀಲಿ ಹೊಡೆದಿತ್ತು, ಈ ಸಲ ಎಲ್ಲಕ್ಕೂ ಅರಿಶಿನ ಬಳಿದ ಹಾಗಿದೆ ಎಂದರಂತೆ. ಇರಲಿ ಬಿಡಿ, ಬಣ್ಣದ ನೂಲು ಕಳಿಸಲು ಹೇಳುತ್ತೇನೆ ಎಂದು ಫೋನ್ ಇಟ್ಟರಂತೆ.

"ನೀನು ಬೇಜಾರು ಮಾಡ್ಬೇಡ. ಮಳೆಯಲ್ಲಿ ಅಷ್ಟು ದೂರ ಬಂದೆಯಲ್ಲ, ಅದೇ ದೊಡ್ಡದು," ಎಂದರು ಅತ್ತಿಗೆ.

ಬೈದಿದ್ದರೆ ಒಳ್ಳೆಯದಿತ್ತು. ನಾನು ಮಧ್ಯಾಹ್ನದ ಊಟಕ್ಕೆ ಕುಳಿತು ಅನ್ನವನ್ನು ಕಲಸುತ್ತಲೇ ಇದ್ದೆ. ಫೋಟೋ ಮತ್ತೆ ತೆಗೆಯೋಣವೆಂದರೆ ಸೀರೆಗಳು ಮೈಸೂರಿನಲ್ಲಿ.

ಮರುದಿನ ಬೆಳಿಗ್ಗೆ ಯಜಮಾನರ ಬಿಳಿ ಅಂಗಿಗಳನ್ನು ಒಗೆದು, ಕೊನೆಯ ನೀರಿಗೆ ದಿನವೂ ಹಾಕುವ ಹಾಗೆ ನೀಲಿಯ ಹನಿ ಹಾಕಿದೆ. ಹನಿ ಬಕೆಟ್ಟಿನೊಳಗೆ ಹೊಗೆಯ ಹಾಗೆ ಬಿಚ್ಚಿಕೊಂಡಿತು. ಅಂಗಿಯನ್ನು ಅದರಲ್ಲಿ ಮುಳುಗಿಸಿ ಎತ್ತಿದೆ. ಹಿಂಡಲಿಲ್ಲ. ಹಾಗೆಯೇ ಹಿಡಿದುಕೊಂಡು ನೋಡಿದೆ.

ನಮ್ಮ ಕಡೆ ಬಿಳಿ ಎಂದರೆ ನೀಲಿ ಹಾಕಿದ ಬಿಳಿ. ನೀಲಿ ಹಾಕದ ಮುಂಡನ್ನು ನಾವು ಕೊಳೆಯೆಂದೇ ಭಾವಿಸುತ್ತೇವೆ. ಕಾರ್ಕಳದಲ್ಲೇ ಅತಿ ಬಿಳಿಯಾದ ಭಾವನ ಮುಂಡಿನಲ್ಲಿ ಇದ್ದದ್ದು ಹತ್ತಾರು ಒಗೆತಗಳ ನೀಲಿ. ಅಂಥ ಮುಂಡನ್ನು ಅಚ್ಚ ಬಿಳಿ ಎಂದು ನಾನು ಸಾಫ್ಟ್‌ವೇರಿಗೆ ಹೇಳಿದ್ದೆ. ಅದು ಪಾಪ, ನನ್ನ ಮಾತನ್ನು ನಂಬಿ, ಮುಂಡಿನ ನೀಲಿಯನ್ನು ಅಳಿಸಲಿಕ್ಕೆ ಇಡೀ ಫೋಟೋಗೆ ಹಳದಿ ಬೆರೆಸಿತ್ತು.

ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಲ್ಯಾಪ್‌ಟಾಪಿನ ಬಳಿಗೆ ಓಡಿದೆ. ರಾ ಫೋಟೋಗಳು ಹೇಗಿದ್ದವೋ ಹಾಗೆಯೇ ಇದ್ದವು. ನಾನು ತಿದ್ದಿದ್ದು, ಕತ್ತರಿಸಿದ್ದು, ಕೆಡಿಸಿದ್ದು ಯಾವುದೂ ಅವುಗಳ ಮೈಗೆ ತಾಗಿರಲಿಲ್ಲ. ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಮೊದಲು ಕಚ್ಚಾ ಹೊಲಿಗೆ ಹಾಕಿಸುತ್ತಿದ್ದರು. ಬಟ್ಟೆಗೆ ನೋವಾಗದ ಹಾಗೆ ಎಳೆದು ಬಿಚ್ಚಬಹುದಾದ ಹೊಲಿಗೆ ಅದು. ಇದೂ ಹಾಗೆಯೇ. ನನ್ನ ತಪ್ಪನ್ನು ಒಂದು ಎಳೆಯ ಹಾಗೆ ಎಳೆದು ತೆಗೆದೆ. ಮತ್ತೆ ಟಾರ್ಪಾಲಿನ ಕೆಳಗಿನ ನೀಲಿ ಅಂಗಳ ಬಂತು. ಮೂಲೆಯಲ್ಲಿ ಕಲ್ಲೂ ಬಂತು.

ಕಲ್ಲಿಗೆ ಯಾರೂ ನೀಲಿ ಹಾಕುವುದಿಲ್ಲ. ಒಲೆಯಿಂದ ತೆಗೆದ ಬೂದಿಯ ಹಾಗೆ ಬರೀ ಬೂದು. ಅದರ ಮೇಲೆ ಒತ್ತಿದೆ.

ಸೀರೆ ತನ್ನ ಬಣ್ಣಕ್ಕೆ ಮರಳಿತು. ಕಂದು ಮೊದಲು, ಅದರೊಳಗಿನಿಂದ ಆ ಗುಲಾಬಿ. ನಾನು ಅತ್ತಿಗೆ ಕೊಟ್ಟ ನೂಲಿನ ತುಂಡುಗಳನ್ನು ಬಿಚ್ಚಿ, ಲ್ಯಾಪ್‌ಟಾಪನ್ನು ಕಿಟಕಿಯ ಬಳಿಗೊಯ್ದು, ಪರದೆಯ ಪಕ್ಕದಲ್ಲಿ ಹಿಡಿದೆ. ಚೊಗರಿಗೆ ಚೊಗರು ಹೊಂದಿತು. ಹಲಸಿಗೆ ಹಲಸು. ದಾಳಿಂಬೆಯ ಹಸಿರಿಗೆ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದೆ, ಅದೂ ಹೊಂದಿತು.

ಇನ್ನೊಂದು ಸಂಗತಿ ಆಗ ಕಣ್ಣಿಗೆ ಬಿತ್ತು. ಚಿಕ್ಕ ಕ್ಯಾಮೆರಾಗಳು ಕಡಿಮೆ ಬೆಳಕಿನಲ್ಲಿ ಫೋಟೋವನ್ನು ತಾವೇ ಬೇಯಿಸುವಾಗ ಕಾಳುಕಾಳಾಗಿ ಕಾಣುವುದನ್ನು ಮುಚ್ಚಲು ಎಲ್ಲವನ್ನೂ ಸವರಿಬಿಡುತ್ತವೆ. ಸೀರೆಯ ನೇಯ್ಗೆ ಎಣ್ಣೆಕಾಗದದಂತೆ ನುಣ್ಣಗಾಗುತ್ತದೆ. ರಾ ಫೋಟೋದಲ್ಲಿ ಕಾಳುಗಳೂ ಇದ್ದವು, ಎಳೆಗಳೂ ಇದ್ದವು. ದೊಡ್ಡದು ಮಾಡಿ ನೋಡಿದರೆ ಹಾಸು ಹೊಕ್ಕುಗಳು ಒಂದರ ಮೇಲೊಂದು ಹಾಯುವುದು ಕಾಣುತ್ತಿತ್ತು, ಅಂಚಿನಲ್ಲಿ ಅತ್ತಿಗೆ ನೂಲು ಜೋಡಿಸಿದ ಒಂದು ಸಣ್ಣ ಗಂಟೂ ಕೂಡ. ಆ ಗಂಟಿನ ಫೋಟೋವನ್ನೂ ಒಂದು ಬೇರೆಯೇ ಮಾಡಿಟ್ಟೆ. ಕೈಯಲ್ಲಿ ನೇಯ್ದದ್ದೆಂದು ಅದಕ್ಕಿಂತ ಚೆನ್ನಾಗಿ ಯಾರು ಹೇಳುತ್ತಾರೆ?

ಈ ಸಲ ನಾನೇ ಅಂಗಡಿಯವರಿಗೆ ಫೋನ್ ಮಾಡಿದೆ. ಅಪರಿಚಿತರಿಗೆ ನಾನಾಗಿ ಫೋನ್ ಮಾಡುವವಳಲ್ಲ. ನಾನು ಯಾರೆಂದು ಹೇಳಿ, ತಪ್ಪು ಸೀರೆಯದ್ದಲ್ಲ, ನನ್ನ ಕೈಯದ್ದು ಎಂದು ತಿಳಿಸಿ, ಹೊಸ ಫೋಟೋಗಳನ್ನು ಕಳಿಸಿದ್ದೇನೆ, ದಯವಿಟ್ಟು ಸೀರೆಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡದೆ ಹಗಲು ಬೆಳಕಿಗೆ ತನ್ನಿ ಎಂದು ಕೇಳಿಕೊಂಡೆ.

"ಒಂದ್ನಿಮಿಷ ಇರಿ," ಎಂದರು ಅವರು.

ಮೆಟ್ಟಿಲಿಳಿಯುವ ಸದ್ದು ಕೇಳಿತು. ಯಾವುದೋ ಬಾಗಿಲು. ರಸ್ತೆಯಲ್ಲಿ ಸ್ಕೂಟರು ಹೋಯಿತು. ನಾನು ಕಿಟಕಿಯ ಸರಳಿಗೆ ಅಂಟಿದ್ದ ಜೇಡರ ಬಲೆಯನ್ನು ಬೆರಳಿನಿಂದ ಸುತ್ತುತ್ತಾ ನಿಂತಿದ್ದೆ.

"ಅಲ್ರೀ, ಇದೇ ಬಣ್ಣ. ಈ ಗುಲಾಬಿ ಛಾಯೆ ನನ್ನ ಕಣ್ಣಿಗೇ ಇವತ್ತು ಕಾಣ್ತಿರೋದು. ಯಾವ ಸ್ಟುಡಿಯೋದವರು ತೆಗೆದಿದ್ದು?"

ಸ್ಟುಡಿಯೋ ಅಲ್ಲ, ನಾನೇ ತೆಗೆದದ್ದು ಎಂದೆ. ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಅವರು ನಕ್ಕರು. ಸರಿ, ಬಣ್ಣದ ನೂಲನ್ನು ಸದ್ಯಕ್ಕೆ ಕಳಿಸುವುದಿಲ್ಲ, ಇವುಗಳನ್ನು ಗಿರಾಕಿಗಳಿಗೆ ತೋರಿಸಿ ನೋಡುತ್ತೇನೆ, ಒಂದೂ ವಾಪಸು ಬರದಿದ್ದರೆ ಆಮೇಲೆ ಮಾತಾಡೋಣ ಎಂದರು.

ಆ ಕಾಯುವ ದಿನಗಳಲ್ಲಿ ಅತ್ತಿಗೆ ಮಗ್ಗಕ್ಕೆ ಹೊಸ ಹಾಸು ಏರಿಸಲಿಲ್ಲ. ಫೋನಿನಲ್ಲಿ ಅಡುಗೆಯ ಮಾತು, ಮಳೆಯ ಮಾತು, ಭಾವನ ಕೆಮ್ಮಿನ ಮಾತು ಎಲ್ಲ ಆಡುತ್ತಿದ್ದೆವು. ಸೀರೆಯ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಮಳೆ ಸ್ವಲ್ಪ ಬಿಟ್ಟ ಮೇಲೆ ನಾನು ಕಾರ್ಕಳಕ್ಕೆ ಹೋದೆ. ಚಾ ಕುಡಿಯುತ್ತಿರುವಾಗ ಅತ್ತಿಗೆಯ ಫೋನ್ ರಿಂಗಾಯಿತು. ಮೈಸೂರಿನದು. ಅತ್ತಿಗೆ ಫೋನನ್ನು ಸ್ಪೀಕರಿಗೆ ಹಾಕಿ, ನಮ್ಮ ನಡುವಿನ ಮಣೆಯ ಮೇಲಿಟ್ಟು, ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕುಳಿತರು.

ಎಲ್ಲ ಸೀರೆಗಳೂ ಮಾರಿಹೋಗಿದ್ದವು. ಒಂದೂ ವಾಪಸು ಬಂದಿರಲಿಲ್ಲ. ಗಂಟಿನ ಫೋಟೋ ನೋಡಿ ಒಬ್ಬರು ಅದೇ ಗಂಟು ಇರುವ ಸೀರೆಯೇ ಬೇಕೆಂದು ಹಟ ಹಿಡಿದಿದ್ದರಂತೆ. ಇನ್ನಷ್ಟು ಸೀರೆ ಬೇಕು, ಆದಷ್ಟು ಬೇಗ, ಎಂದರು ಅಂಗಡಿಯವರು.

ಅತ್ತಿಗೆ ಫೋನಿನ ಕಡೆಗೆ ಬಾಗಿದರು. "ನೂಲು ನೀವು ಕಳಿಸ್ತೀರಾ? ಬಣ್ಣ ಎಂತದ್ದು?"

"ನಾನ್ಯಾಕೆ ಕಳಿಸ್ಲಿ? ಬಣ್ಣ ನಿಮ್ಮದು ಕಣಮ್ಮಾ. ನಿಮಗೆ ಯಾವುದು ತೋಚುತ್ತೋ ಅದನ್ನ ಹಾಕಿ."

ಅತ್ತಿಗೆ ಫೋನ್ ಇಟ್ಟರು. ಭಾವ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದವರು ಹೊರಗೆ ಬಂದು, ಮುಂಡಿನಿಂದಾಗಿ ಎಷ್ಟು ಫಜೀತಿ ಆಯಿತೆಂದು ಊರಿನವರಿಗೆ ಹೇಳಬೇಡಿ ಎಂದು ನಮ್ಮಿಬ್ಬರನ್ನೂ ನಗಿಸಿದರು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನಗುವಿಗೋ ಬೇರೆ ಯಾವುದಕ್ಕೋ, ನಾನು ಕೇಳಲಿಲ್ಲ. ಎದ್ದು ಹೋಗಿ ಹಿತ್ತಿಲ ಒಲೆಗೆ ಬೆಂಕಿ ಹಾಕಿದರು. ದೊಡ್ಡ ಪಾತ್ರೆಗೆ ಚೊಗರು ಸುರಿದು, ಅದಕ್ಕೆ ಹಲಸಿನ ಚಕ್ಕೆಯ ರಸವನ್ನೂ ಬೆರೆಸಿದರು. ಅವೆರಡನ್ನು ಕೂಡಿಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಎಂತ ಬಣ್ಣ ಬರ್ತದೆ ಎಂದು ಕೇಳಿದ್ದಕ್ಕೆ, ನನಗೂ ಗೊತ್ತಿಲ್ಲ, ನೋಡುವ ಎಂದರು.

ನೂಲಿನ ಲಡಿ ಮುಳುಗಿ, ತಿರುಗಿ, ಕೋಲಿನ ತುದಿಯಲ್ಲಿ ಹಬೆಯಾಡುತ್ತಾ ಮೇಲೆ ಬಂತು. ಅತ್ತಿಗೆಯ ಮುಖದಲ್ಲಿ ಬೆಂಕಿಯ ಬೆಳಕಿತ್ತು. ನಾನು ಕ್ಯಾಮೆರಾ ಎತ್ತಿ ಅವರ ಕಡೆಗೆ ಹಿಡಿದೆ.

"ನನ್ನ ಮುಖ ಎಂತಕ್ಕೆ?" ಎಂದರು ಅತ್ತಿಗೆ, ಲಡಿಯನ್ನು ನನ್ನತ್ತ ಚಾಚುತ್ತಾ. "ನೂಲನ್ನು ತೆಗಿ, ಬೇಗ. ಒಣಗಿದ್ರೆ ಈ ಬಣ್ಣ ಇರುದಿಲ್ಲ."